ದಾಕ್ಷಿಣ್ಯದಲ್ಲಿ ಎತ್ತಿದ ಕೈ

ಕಿನುಕೊ ಬೆಳಿಗ್ಗೆ ತೋಫು ತರಲು ಹೋದವಳು ತೋಫು ಮಾತ್ರ ತಂದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಅಂಗಡಿಯವನು ನೀರಿನ ತೊಟ್ಟಿಯಿಂದ ತೋಫು ಎತ್ತಿ ಕಟ್ಟುತ್ತ, "ಯಾಕಮ್ಮಾ, ಇವತ್ತು ಮುಖ ಸಪ್ಪಗಿದೆ?" ಎಂದು ಕೇಳಿದ. ಅಷ್ಟು ಕೇಳಿದ್ದೇ ತಡ, ಅವಳ ಬಾಯಿಂದ ಮಾತು ಜಾರಿಬಿಟ್ಟಿತು.

"ಮಧ್ಯಾಹ್ನ ಟೋಕಿಯೋದಿಂದ ದೊಡ್ಡ ಪಾದ್ರಿಗಳು ಬರ್ತಿದಾರೆ. ಇವತ್ತಿನ ಸಭೆಗೂ ಜನ ಸೇರದಿದ್ರೆ ಚರ್ಚು ಮುಚ್ಚಿ ನಮ್ಮನ್ನ ಎಲ್ಲಿಗಾದ್ರೂ ಅಟ್ಟಿಬಿಡ್ತಾರಂತೆ."

ಕಾಜಿಮಾಚಿ ಬೀದಿಯಲ್ಲಿ ಒಂದು ಮಾತು ಈ ತುದಿಯಿಂದ ಆ ತುದಿಗೆ ಹೋಗಲು ಸೈಕಲ್ಲೂ ಬೇಕಿಲ್ಲ. ಕಿನುಕೊ ಮನೆಗೆ ಬಂದು ಸಾರಿಗೆ ಸೋಯಾ ಕಾಳಿನ ಮಿಸೋ ಮುದ್ದೆ ಕದಡುವಷ್ಟರಲ್ಲಿ ಬೀದಿಗೆ ಬೀದಿಯೇ ತೀರ್ಮಾನ ಮಾಡಿಯಾಗಿತ್ತು. ತಿಳಿಯದೆ ಉಳಿದವರು ಅವಳ ಗಂಡ ಒಬ್ಬರೇ.

ಅವಳ ಗಂಡ ಕುಸಾಕಾರಿಯವರು ಕಾಜಿಮಾಚಿಯ ಪಾದ್ರಿ. ಅವರ ಚರ್ಚು ಹಿಂದೆ ಕ್ಷೌರದಂಗಡಿಯಾಗಿದ್ದ ಕಟ್ಟಡ. ಕ್ಷೌರದ ಕುರ್ಚಿಗಳು ಹೋಗಿದ್ದರೂ ಗೋಡೆಯುದ್ದದ ಕನ್ನಡಿ ಹಾಗೇ ಉಳಿದಿತ್ತು. ಭಾನುವಾರ ಬರುವ ನಾಲ್ಕು ಜನ ಮುದುಕಿಯರು ಆ ಕನ್ನಡಿಯ ದೆಸೆಯಿಂದ ಎಂಟು ಜನರಾಗಿ ಕಾಣುತ್ತಿದ್ದರು. ಇಷ್ಟು ವರ್ಷಗಳ ಸೇವೆಯಲ್ಲಿ ಆದ ಬೆಳವಣಿಗೆ ಅದೊಂದೇ.

ಹಾಗಂತ ಜನ ಕೆಟ್ಟವರೇ? ಅಲ್ಲ, ಸಂಕಟವೇ ಅದು! ಬೈದಿದ್ದರೆ, ಬಾಗಿಲು ಮುಚ್ಚಿದ್ದರೆ, ಒಂದು ಕಲ್ಲಾದರೂ ಎಸೆದಿದ್ದರೆ ಟೋಕಿಯೋದವರಿಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಕಾಜಿಮಾಚಿಯವರ ಬಾಯಲ್ಲಿ ಇಲ್ಲ ಎಂಬ ಮಾತೇ ಬರುವುದಿಲ್ಲ. ದೇವರು ಒಬ್ಬನೇ ಎಂದರೆ "ಹೌದು ಹೌದು" ಎನ್ನುವರು. ಮನುಷ್ಯ ಪಾಪಿ ಎಂದರೆ "ಒಳ್ಳೆ ಮಾತು ಹೇಳಿದ್ರಿ" ಎಂದು ನಡು ಬಗ್ಗಿಸಿ ನಮಸ್ಕರಿಸುವರು. ಹೊರಡುವಾಗ ಒಂದು ಬುಟ್ಟಿ ಕಾಕಿ ಹಣ್ಣು ಕೈಗಿಡುವರು. ಆ ಹಣ್ಣು ತಿಂದು ತಿಂದು ಪಾದ್ರಿಗಳ ಹೊಟ್ಟೆ ಕಲ್ಲಾಯಿತೇ ಹೊರತು ಯಾರ ಮನಸ್ಸೂ ಕರಗಲಿಲ್ಲ.

ಆ ಬೆಳಿಗ್ಗೆ ಕುಸಾಕಾರಿಯವರು ತಿಂಗಳಿಡೀ ಕೂತು ತಿದ್ದಿ ಬರೆದು ಅಚ್ಚು ಹಾಕಿಸಿದ ಕರಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. 'ನಿಮ್ಮ ಭಾರ ಹೊರುವವರು ಯಾರು?' ಎಂದು ದಪ್ಪ ಅಕ್ಷರದಲ್ಲಿತ್ತು. ಇವತ್ತು ಮಾತ್ರ ಬಿಡುವುದಿಲ್ಲ, ಒಬ್ಬನನ್ನಾದರೂ ಎದುರಿಗೆ ಕೂರಿಸಿಕೊಂಡು ವಾದಿಸಿ ಗೆಲ್ಲುತ್ತೇನೆ ಎಂದು ಹಲ್ಲು ಕಚ್ಚಿ, ದಾರಿಯ ಬಾಗಿಲುಗಳಿಗೆ ಒಂದೊಂದು ಸಿಕ್ಕಿಸುತ್ತ, ಮರದ ಪಾದುಕೆ ಮಾಡುವವನ ಅಂಗಡಿಗೆ ನುಗ್ಗಿದರು.

"ಅಣ್ಣಾ, ನಾನು ಹೇಳೋದನ್ನ ಸ್ವಲ್ಪ..."

"ಬರ್ತೀವಿ ಬರ್ತೀವಿ!" ಎಂದ ಅವನು, ಉಳಿಯನ್ನು ಕೆಳಗಿಡದೆ. "ಮೂರು ಗಂಟೆಗೆ ತಾನೇ? ನಾನು, ನನ್ನ ಹೆಂಡ್ತಿ, ಅತ್ತೆ. ಅತ್ತೆಗೆ ಕಿವಿ ಕೇಳ್ಸಲ್ಲ, ಆದ್ರೂ ತಲೆ ಚೆನ್ನಾಗಿ ಆಡಿಸ್ತಾಳೆ."

"ಅದಲ್ಲ, ನಿಮ್ಮ ಜೀವನದ ಭಾರ..."

"ಅಯ್ಯೋ, ಆ ಕಾಗದ ನಿಮ್ದಾ? ಆಗ್ಲೇ ಪಕ್ಕದ ಮನೇಲಿ ನೋಡ್ದೆ. ಮನೆ ಸಾಮಾನು ಸಾಗಿಸೋರ ಜಾಹೀರಾತು ಅಂದ್ಕೊಂಡಿದ್ದೆ!"

ಮೀನಿನವನು "ಚಿಂತೆ ಮಾಡ್ಬೇಡಿ" ಎಂದ. ಅಕ್ಕಿ ಅಂಗಡಿಯವಳು ಪಾದ್ರಿಗಳ ಎರಡೂ ಕೈ ಹಿಡಿದು ಕಣ್ಣೊರೆಸಿಕೊಂಡಳು. ಸತ್ತವರ ಮನೆಗೆ ಬಂದವರ ಹಾಗೆ ಎಲ್ಲರೂ ತಮ್ಮನ್ನು ಯಾಕೆ ಸಮಾಧಾನ ಮಾಡುತ್ತಿದ್ದಾರೆಂದು ಕುಸಾಕಾರಿಯವರಿಗೆ ತಿಳಿಯಲಿಲ್ಲ. ಚೀಲ ಖಾಲಿಯಾಗಿ ಮನೆಯ ತಿರುವಿಗೆ ಬಂದಾಗ ಎದುರಿಗೆ ತೋಗಾಶಿ ನಿಂತಿದ್ದ.

ತೋಗಾಶಿ ಸಾಕೆ ಎಂಬ ಅಕ್ಕಿ ಮದ್ಯದ ಅಂಗಡಿಯ ಯಜಮಾನ. ಬೀದಿಯ ಸಂಘಕ್ಕೆ ಅವನೇ ಮುಖ್ಯಸ್ಥ. ಪೀಪಾಯಿಗೆ ಕೈಕಾಲು ಬಂದಂತಿದ್ದ ಆ ಮನುಷ್ಯನಿಗೆ ಪರೋಪಕಾರವೆಂಬುದು ಕೆಮ್ಮಿನ ಹಾಗೆ, ತಡೆದಷ್ಟೂ ಹೆಚ್ಚಾಗುತ್ತಿತ್ತು. ಅವನ ಕೈಯಲ್ಲಿ ದಾರ ಕಟ್ಟಿದ ಒಂದು ಕಟ್ಟಿತ್ತು.

"ತಗೊಳ್ಳಿ ಪಾದ್ರಿಗಳೇ, ನಿಮ್ಮ ಕಾಗದ. ಎಲ್ಲಾ ಮನೆಯಿಂದ್ಲೂ ವಾಪಸ್ ತಂದಿದೀನಿ."

"ವಾಪಸ್ಸಾ? ಯಾಕೆ?"

"ಎಲ್ರೂ ಬರೋದು ಗ್ಯಾರಂಟಿ ಆಯ್ತಲ್ಲ, ಕಾಗದ ಯಾಕೆ ದಂಡ ಮಾಡ್ಬೇಕು? ಮುಂದಿನ ವರ್ಷಕ್ಕೂ ಆಗುತ್ತೆ. ಮುದುರಿದ್ದಕ್ಕೆಲ್ಲ ನನ್ನ ಹೆಂಡ್ತಿ ಇಸ್ತ್ರಿ ಹಾಕಿದಾಳೆ."

ಕುಸಾಕಾರಿಯವರಿಗೆ ಪಿತ್ತ ನೆತ್ತಿಗೇರಿತು. "ತೋಗಾಶಿಯವ್ರೇ! ಇದು ಓದೋಕೆ ಕೊಟ್ಟದ್ದು! ಇಸ್ತ್ರಿ ಹಾಕೋಕಲ್ಲ!"

"ನಮಗೆಲ್ಲ ಗೊತ್ತು ಪಾದ್ರಿಗಳೇ," ಎಂದು ತೋಗಾಶಿ ದನಿ ತಗ್ಗಿಸಿ ಭುಜ ತಟ್ಟಿದ. "ಟೋಕಿಯೋದವರ ವಿಷಯ. ನೀವು ಬಾಯಿಬಿಟ್ಟು ಕೇಳೋರಲ್ಲ. ಚಳಿಗಾಲದಲ್ಲಿ ಒಂಟಿ ಮುದುಕರ ಮಾಡು ಹತ್ತಿ ಹಿಮ ಎತ್ತಿ ಹಾಕೋರು ಈ ಬೀದೀಲಿ ನಿಮ್ಮನ್ನ ಬಿಟ್ರೆ ಯಾರಿದಾರೆ? ನಿಮ್ಮನ್ನ ಕಳಿಸಿಬಿಡೋಕೆ ನಮಗೇನು ಹುಚ್ಚಾ?"

"ನನಗೆ ನಿಮ್ಮ ಉಪಕಾರ ಬೇಡ! ನೀವು ನಂಬಬೇಕು, ಅಷ್ಟೆ!"

"ನಂಬ್ತೀವಿ, ಅದಕ್ಕೇನಂತೆ," ಎಂದ ತೋಗಾಶಿ. ಪಕ್ಕದ ಮನೆಯವರು ಏಣಿ ಕೇಳಿದರೆ ತಗೊಂಡು ಹೋಗಿ ಎನ್ನುವ ಧಾಟಿ ಅದು.

ಕುಸಾಕಾರಿಯವರು ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದರು. "ಬೀದಿಗೆಲ್ಲ ಡಂಗುರ ಹೊಡೆದೆಯಲ್ಲೇ!"

"ತೋಫು ಅಂಗಡಿಯವನಿಗೆ ಹೇಳ್ದೆ ರೀ, ಬೀದಿಗಲ್ಲ," ಎಂದಳು ಕಿನುಕೊ. "ಅದೂ ಕೇಳಿದ್ದಕ್ಕೆ ಹೇಳಿದ್ದು. ನೀವೇನು ಒಂದಿನಾನಾದ್ರೂ ಯಾಕೆ ಸಪ್ಪಗಿದೀಯ ಅಂತ ಕೇಳಿದೀರಾ?"

ಪಾದ್ರಿಗಳು ಇಸ್ತ್ರಿ ಹಾಕಿದ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಮತ್ತೆ ಬೀದಿಗಿಳಿದರು. ತೋಗಾಶಿ ಕಾಲಿಡಲು ಹೆದರುವ ಒಂದೇ ಒಂದು ಅಂಗಡಿ ಉಳಿದಿತ್ತು. ಅದು ಶಿಗೆ ಅಜ್ಜಿಯ ತರಕಾರಿ ಅಂಗಡಿ.

ಶಿಗೆ ಅಜ್ಜಿ ಎಂಬತ್ತರ ಆಸುಪಾಸಿನ ವಿಧವೆ. ಒಣಶುಂಠಿಯಂತೆ ಸಣ್ಣಗೆ, ಅಷ್ಟೇ ಖಾರ. ಮೂಲಂಗಿ ತೊಳೆಯುತ್ತಿದ್ದವಳು ಪಾದ್ರಿಗಳನ್ನು ಕಂಡು ತಲೆಯೆತ್ತಲಿಲ್ಲ.

"ನಾನು ಬರಲ್ಲ," ಎಂದಳು.

ಕುಸಾಕಾರಿಯವರಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಬೀದಿಯಲ್ಲಿ ಕೇಳಿದ ಮೊದಲ 'ಇಲ್ಲ' ಅದು. ಸಂತೋಷಪಡುವ ಬದಲು ಅವರು ಕೆರಳಿದರು. ಬೆಳಗಿನಿಂದ ಒಟ್ಟುಗೂಡಿದ್ದ ಸಿಟ್ಟೆಲ್ಲ ಅಜ್ಜಿಯ ಮೇಲೆ ಹೊರಳಿತು.

"ಬೀದಿಯೆಲ್ಲ ಬರುತ್ತೆ, ನಿಮಗೊಬ್ಬರಿಗೆ ಏನಂತೆ ಅಜ್ಜಿ?"

"ಬೀದಿಯೆಲ್ಲ ಬಂದು ಏನು ಕಿಸೀತಾರೆ? ನಿನ್ನ ಮೇಲಿನ ಕನಿಕರಕ್ಕೆ ಬಂದು ಕೂತು ಆಕಳಿಸ್ತಾರೆ. ಸುಮ್ನೆ ಬುಟ್ಟಿ ತುಂಬಿಸೋಕೆ ನಾನೇನು ಮೂಲಂಗೀನಾ? ಬಂದ್ರೆ ನಂಬಿ ಬರ್ಬೇಕು ಪಾದ್ರಪ್ಪ. ನಂಬದಿದ್ರೆ ಮನೇಲಿರ್ಬೇಕು."

"ಹಾಗಾದ್ರೆ ನಂಬಿ!"

"ನೀನು ಗದರಿಸಿದ ಕೂಡ್ಲೇ ನಂಬೋದಾ? ನಾನು ನಿಮ್ಮ ಸ್ವರ್ಗಕ್ಕೆ ಹೋದ್ರೆ ಅತ್ಲಾಗೆ ಕಾಯ್ತಾ ಕೂತಿರೋ ನನ್ನ ಯಜಮಾನ್ರಿಗೆ ಯಾರು ದಿಕ್ಕು? ಅದನ್ನ ಹೇಳು ಮೊದ್ಲು."

ಕುಸಾಕಾರಿಯವರು ಹೇಳಿದರು. ಅಜ್ಜಿ ಒಪ್ಪಲಿಲ್ಲ. ಇವರು ಇನ್ನೊಂದು ಬಗೆಯಲ್ಲಿ ಹೇಳಿದರು. ಅವಳು "ಅದು ನೀನು ಆಗ ಹೇಳಿದ್ದಕ್ಕೆ ಹೊಂದಲ್ಲ" ಎಂದು ಮೂಲಂಗಿಯಿಂದ ತೋರಿಸಿ ತೋರಿಸಿ ಹೇಳಿದಳು. ಗಿರಾಕಿಗಳು ಸುತ್ತ ನೆರೆದರು. ಕೊನೆಗೆ ಪಾದ್ರಿಗಳು ಬೆವರೊರೆಸಿಕೊಂಡು, "ನಿಮ್ಮಂಥ ಹಟದ ಮುದುಕೀನ ನಾನು ಕಂಡೇ ಇಲ್ಲ!" ಎಂದರು. "ನಿನ್ನಂಥ ಮುಂಗೋಪಿ ಪಾದ್ರೀನ ನಾನೂ ಕಂಡಿಲ್ಲ!" ಎಂದಳು ಅಜ್ಜಿ. ಹೀಗೆ ಊರಿಗೆ ಶಾಂತಿಯ ಸುದ್ದಿ ಸಾರಲು ಹೊರಟವರು ತರಕಾರಿ ಅಂಗಡಿಯ ಮುಂದೆ ಕೂಗಾಡಿ, ಕೆಂಪಗಾದ ಮುಖ ಹೊತ್ತು ಹಿಂತಿರುಗಿದರು.

ಚರ್ಚಿನ ಮುಂದೆ ಹೊಗೆ ಏಳುತ್ತಿತ್ತು. ಬೆಂಕಿ ಬಿತ್ತೆಂದು ಓಡಿ ಬಂದು ನೋಡಿದರೆ, ಮೂರು ಕಲ್ಲು ಹೂಡಿ ಆಳೆತ್ತರದ ಕಡಾಯಿಯಲ್ಲಿ ಕೆಸುವಿನ ಗೆಡ್ಡೆ ಬೇಯುತ್ತಿದೆ. ಮೀನಿನವನು ಹುಟ್ಟು ಹಾಕುವವನ ಹಾಗೆ ಸೌಟು ಆಡಿಸುತ್ತಿದ್ದಾನೆ. ಸುತ್ತ ಹೆಂಗಸರು ಕೂತು ಹಂದಿ ಮಾಂಸಕ್ಕೆ ಮಿಸೋ ಎಷ್ಟು ಬೇಕೆಂದು ಜಗಳವಾಡುತ್ತಿದ್ದಾರೆ.

"ಇದೇನ್ರೀ ಇದು? ಇದು ಪ್ರಾರ್ಥನೆ ಸಭೆ!"

"ಬರೀ ಹೊಟ್ಟೇಲಿ ಪ್ರಾರ್ಥನೆ ಮಾಡೋಕಾಗುತ್ತಾ?" ಎಂದಳು ಅಕ್ಕಿ ಅಂಗಡಿಯವಳು. "ಕೆಸುವಿನ ಕಾಲ ಬಂತು, ಹೇಗೂ ಹೊಳೆ ದಂಡೇಲಿ ಮಾಡ್ತಿದ್ವಲ್ಲ, ಈ ಸಲ ಇಲ್ಲೇ ಆಗ್ಲಿ ಅಂತ."

ಒಳಗೆ ಹೋದರೆ ಬೌದ್ಧ ಮಠದ ತಾಯ್‌ಜುನ್ ಸ್ವಾಮಿಗಳು ಬೋಳು ತಲೆಗೆ ಬಟ್ಟೆ ಕಟ್ಟಿಕೊಂಡು ನೆಲಕ್ಕೆ ಕೂರುವ ದಿಂಬು ಹಾಸುತ್ತಿದ್ದರು. ಪ್ರತಿ ದಿಂಬಿನ ಮೇಲೂ ಮಠದ ಕಮಲದ ಗುರುತು.

"ಸ್ವಾಮಿಗಳೇ, ನೀವೂನಾ?"

"ನಮ್ಮಲ್ಲಿ ಸದ್ಯಕ್ಕೆ ತಿಥಿ ಯಾವುದೂ ಇಲ್ಲ ಪಾದ್ರಿಗಳೇ, ದಿಂಬು ಸುಮ್ನೆ ಬಿದ್ದಿತ್ತು," ಎಂದರು ಸ್ವಾಮಿಗಳು ನಗುತ್ತ. "ಸಂಖ್ಯೆಗೆ ಕಡಿಮೆ ಬಿದ್ರೆ ನಾನೂ ಕೂರ್ತೀನಿ. ಹಿಂದುಗಡೆ ಕೂರ್ತೀನಿ, ಟೋಪಿ ಹಾಕ್ಕೊಂಡು."

ಕುಸಾಕಾರಿಯವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹೊರಗೆ ಬಂದಾಗ ತೋಗಾಶಿ ಏಣಿ ಹತ್ತಿ ಬಾಗಿಲ ಮೇಲೆ ಕೆಂಪು ಬಟ್ಟೆಯ ಬ್ಯಾನರ್ ಕಟ್ಟುತ್ತಿದ್ದ. 'ಮಹಾ ಕೃತಜ್ಞತಾ ಹಬ್ಬ' ಎಂದಿತ್ತು. ಬೇಸಗೆಯಲ್ಲಿ ಬೀದಿಯ ಅಂಗಡಿಯವರೆಲ್ಲ ಗಿರಾಕಿಗಳಿಗಾಗಿ ನಡೆಸಿದ ಮಾರಾಟದ ಬ್ಯಾನರ್ ಅದು. "ಕೃತಜ್ಞತೆ ಅಂದ್ರೆ ನಿಮಗೂ ಆಗುತ್ತೆ ನಮಗೂ ಆಗುತ್ತೆ ಅಲ್ವಾ? ಕೆಳಗಿನ ಸಾಲಿಗೆ ಕಾಗದ ಅಂಟಿಸಿ ಮುಚ್ಚಿದೀನಿ," ಎಂದ. ಇಳಿಸಿ ಎಂದು ಕುಸಾಕಾರಿಯವರು ಬಾಯಿ ತೆರೆಯುವಷ್ಟರಲ್ಲಿ ನಿಲ್ದಾಣದ ಕಡೆಯಿಂದ ಟ್ಯಾಕ್ಸಿ ಬಂದು ನಿಂತಿತು.

ಟೋಕಿಯೋದ ದೊಡ್ಡ ಪಾದ್ರಿ ಮೊರಿವಾಕಿಯವರು ಇಳಿದರು. ಕಪ್ಪು ಸೂಟು, ಬೆಳ್ಳಿ ಕೂದಲು, ಆಸ್ಪತ್ರೆಯ ದೊಡ್ಡ ಡಾಕ್ಟರರ ಮುಖ. ಅವರು ಬಾಗಿಲ ಮುಂದೆ ನಿಂತು ತಲೆ ಎತ್ತಿದ್ದಕ್ಕೂ ಸಮುದ್ರದ ಗಾಳಿ ಬೀಸಿದ್ದಕ್ಕೂ ಸರಿಹೋಯಿತು. ಕಾಗದ ಕಿತ್ತು ಅವರ ಪಾದದ ಮೇಲೆಯೇ ಬಿತ್ತು.

"ಎಲ್ಲಾ ಮಾಲು ಅರ್ಧ ಬೆಲೆಗೆ," ಎಂದು ಮೊರಿವಾಕಿಯವರು ನಿಧಾನವಾಗಿ ಓದಿದರು. "ಕುಸಾಕಾರಿಯವರೇ, ದೇವರ ಕೃಪೆ ಪೂರ್ತಿ ಉಚಿತ ಅಂತಲ್ಲವೇ ನಾವು ಹೇಳುವುದು?"

ಕುಸಾಕಾರಿಯವರಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆದರೆ ಸಭೆ ತುಂಬಿತು. ಚಪ್ಪಲಿಗಳು ಬಾಗಿಲು ದಾಟಿ, ಮೆಟ್ಟಿಲು ದಾಟಿ, ಬೀದಿಯ ಅರ್ಧದವರೆಗೆ ಹರಡಿದವು. ಕನ್ನಡಿಯಲ್ಲಿ ಇನ್ನೂ ಅಷ್ಟೇ ಜನ ಕಂಡು, ಜಾತ್ರೆಯೇ ನೆರೆದಂತಿತ್ತು. ಪಾದುಕೆಯವನ ಅತ್ತೆ ಸಭೆ ಶುರುವಾಗುವ ಮೊದಲೇ ತಲೆಯಾಡಿಸತೊಡಗಿದಳು. ಟೋಪಿ ಹಾಕಿದ ಸ್ವಾಮಿಗಳು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ನೇರವಾಗಿ ಕೂತಿದ್ದರು. ಎಲ್ಲಕ್ಕಿಂತ ಕೊನೆಗೆ ಶಿಗೆ ಅಜ್ಜಿ ಬಂದು, "ಬೀದೀಲಿ ಒಂದು ನಾಯಿಯೂ ಇಲ್ಲ, ಅಂಗಡಿ ತೆಗೆದು ಏನ್ಮಾಡ್ಲಿ?" ಎಂದು ಯಾರೂ ಕೇಳದಿದ್ದರೂ ಹೇಳಿ, ಕಂಬಕ್ಕೆ ಒರಗಿ ಕೈಕಟ್ಟಿ ಕೂತಳು.

ಕುಸಾಕಾರಿಯವರು ಎದ್ದು ನಿಂತರು. ಎದುರಿಗೆ ಒಂದೊಂದು ಮುಖವೂ ಮೃದುವಾಗಿ ನಗುತ್ತಿತ್ತು. ಮಗುವಿನ ಶಾಲೆಯ ನಾಟಕ ನೋಡಲು ಬಂದವರ ನಗು. ಅವರ ಮೈಯೆಲ್ಲ ಉರಿದುಹೋಯಿತು. ಬರೆದು ತಂದಿದ್ದ ಉಪದೇಶವನ್ನು ಮಡಿಸಿ ಜೇಬಿಗಿಟ್ಟರು.

"ನಿಮಗೆ ನಾಚಿಕೆಯಾಗಲ್ವಾ?" ಎಂದು ಶುರುಮಾಡಿದರು. ನಗು ಹಾಗೇ ಇತ್ತು. "ಹೊಸ ವರ್ಷಕ್ಕೆ ದೇವಸ್ಥಾನಕ್ಕೆ ಹೋಗಿ ಕೈ ಮುಗೀತೀರಿ. ಯಾರಾದ್ರೂ ಸತ್ರೆ ಮಠಕ್ಕೆ ಹೋಗಿ ಕೈ ಮುಗೀತೀರಿ. ಇವತ್ತು ಇಲ್ಲಿ ಬಂದು ಕೂತಿದೀರಿ. ಹೌದು ಅನ್ನೋದು ಬಿಟ್ಟು ಬೇರೆ ಮಾತೇ ಇಲ್ವಾ ನಿಮಗೆ? ಇಷ್ಟು ವರ್ಷ ನಾನು ನಿಮ್ಮ ಬಾಗಿಲು ತಟ್ಟಿದ್ದು ನಿಮ್ಮ ಕಾಕಿ ಹಣ್ಣಿಗಲ್ಲ! ನನಗೆ ಒಂದೇ ಒಂದು ಪ್ರಾಮಾಣಿಕ ಉತ್ತರ ಬೇಕು!"

ಮೊರಿವಾಕಿಯವರು ಮುಂದಕ್ಕೆ ಬಾಗಿ ಕೂತರು.

"ಈಗ ಕೇಳ್ತೀನಿ. ಯಾರು ಮನಸಾರೆ ನಂಬ್ತೀರೋ ಅವ್ರು ಮಾತ್ರ ಕೈ ಎತ್ತಿ. ನನ್ನ ದಾಕ್ಷಿಣ್ಯಕ್ಕೆ ಯಾರೂ ಎತ್ಬೇಡಿ. ಒಬ್ರೂ ಎತ್ತದಿದ್ರೂ ನನಗೆ ಬೇಜಾರಿಲ್ಲ. ದಯವಿಟ್ಟು ಎತ್ಬೇಡಿ!"

ತೋಗಾಶಿ ತನ್ನಲ್ಲೇ ಅಂದುಕೊಂಡ. ಎಂಥ ಸಂಕೋಚದ ಮನುಷ್ಯ! ಕುತ್ತಿಗೆಗೆ ಬಂದಾಗಲೂ ಬೇಡ ಬೇಡ ಎನ್ನುತ್ತಾನಲ್ಲ! ಬೇಡ ಎಂದು ಇಷ್ಟು ಗಟ್ಟಿಯಾಗಿ ಹೇಳಬೇಕಾದರೆ ಎಷ್ಟು ಬೇಕಾಗಿರಬೇಡ! ಅವನು ಕಣ್ಣೊರೆಸಿಕೊಂಡು ಬಲಗೈಯನ್ನು ಜಂತೆಗೆ ತಾಗುವಂತೆ ಎತ್ತಿದ. ಮುಖ್ಯಸ್ಥನೇ ಎತ್ತಿದ ಮೇಲೆ ಕೇಳಬೇಕೇ? ಮೀನಿನವನು ಎತ್ತಿದ, ಅಕ್ಕಿ ಅಂಗಡಿಯವಳು ಎತ್ತಿದಳು, ತೋಫುವಿನವನು ಎರಡೂ ಕೈ ಎತ್ತಿದ. ಕಿವಿ ಕೇಳದ ಅತ್ತೆಯ ಕೈಯನ್ನು ಅಳಿಯನೇ ಹಿಡಿದೆತ್ತಿದ. ಸ್ವಾಮಿಗಳು ಧರ್ಮಸಂಕಟಕ್ಕೆ ಬಿದ್ದು, ಕೊನೆಗೆ ಕೈಯನ್ನು ಭುಜದವರೆಗೆ ಮಾತ್ರ ಎತ್ತಿ ಕಿವಿ ಕೆರೆದುಕೊಂಡರು. ಕನ್ನಡಿಯಲ್ಲೂ ಕೈಗಳ ಕಾಡೇ ಎದ್ದಿತು.

ಎತ್ತದೆ ಕೂತವಳು ಶಿಗೆ ಅಜ್ಜಿ ಒಬ್ಬಳೇ. ಎಲ್ಲರೂ ತಿರುಗಿ ಗುರುಗುಟ್ಟಿದರೂ ಅವಳು ಕಟ್ಟಿದ ಕೈ ಬಿಚ್ಚಲಿಲ್ಲ.

ಮೊರಿವಾಕಿಯವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸಭೆ ಮುಗಿದು ಜನ ಕಡಾಯಿಯ ಸುತ್ತ ಬಟ್ಟಲು ಹಿಡಿದು ನಿಂತಾಗ ಅವರು ಕುಸಾಕಾರಿಯವರನ್ನು ಮೂಲೆಗೆ ಕರೆದು ಕೈ ಹಿಡಿದರು.

"ಎತ್ತಬೇಡಿ ಅಂತ ಬೇಡಿಕೊಂಡು ಕೈ ಎತ್ತಿಸಿದ ಪಾದ್ರಿಯನ್ನು ನಾನು ನೋಡಿಯೇ ಇಲ್ಲ! ಇಲ್ಲಿ ನಿಮ್ಮ ಕೆಲಸ ಮುಗಿದಿದೆ ಕುಸಾಕಾರಿಯವರೇ."

"ಮುಗಿದಿದೆ ಅಂದ್ರೆ?"

"ಬೆಳೆದು ನಿಂತ ಗದ್ದೆ ಕಾಯುವುದಕ್ಕೆ ನಿಮ್ಮಂಥವರು ಯಾಕೆ? ನಿವೃತ್ತರಾದ ಒಬ್ಬ ಹಿರಿಯರನ್ನು ಕಳಿಸುತ್ತೇನೆ. ಹೊಕ್ಕಾಯ್ದೊ ದ್ವೀಪದ ಉತ್ತರ ತುದಿಯಲ್ಲಿ ನಮ್ಮದೊಂದು ಸಣ್ಣ ಚರ್ಚು ಇದೆ. ಮೀನುಗಾರರ ಊರು. ಹೋದ ಪಾದ್ರಿಗಳೆಲ್ಲ ಒಂದೇ ಚಳಿಗಾಲಕ್ಕೆ ಓಡಿ ಬಂದಿದ್ದಾರೆ. ಕಲ್ಲು ನೆಲ. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ, ಈ ವಾರವೇ ಹೊರಡಿ."

ಕುಸಾಕಾರಿಯವರು ಕೈ ಬಿಡಿಸಿಕೊಂಡರು. "ಸ್ವಾಮೀ, ಇವರು ತೋರಿಸಿದ್ದೆಲ್ಲ ಸುಳ್ಳು! ನನ್ನ ಮೇಲಿನ ಕನಿಕರಕ್ಕೆ ಕೈ ಎತ್ತಿದ್ದು! ಅಲ್ನೋಡಿ, ಹಿಂದೆ ಕೂತಿದ್ದವರು ಮಠದ ಸ್ವಾಮಿಗಳು!"

"ಮಠದ ಸ್ವಾಮಿಗಳೂನಾ!" ಎಂದು ಮೊರಿವಾಕಿಯವರು ಎದೆಗೆ ಕೈ ಒತ್ತಿಕೊಂಡರು. "ಇಷ್ಟಾದರೂ ನಿಮಗೆ ಎಳ್ಳಷ್ಟು ಅಹಂಕಾರವಿಲ್ಲ. ಉತ್ತರಕ್ಕೆ ಬೇಕಾದದ್ದು ಇಂಥ ಮನುಷ್ಯನೇ." ಎರಡು ಬಟ್ಟಲು ಕೆಸುವಿನ ಸಾರು ಕುಡಿದು, ಸಂಜೆಯ ರೈಲಿಗೆ ಹೊರಟೇ ಹೋದರು.

ಸುದ್ದಿ ಕೇಳಿ ಅಂಗಳದಲ್ಲಿದ್ದವರೆಲ್ಲ ಹೌಹಾರಿದರು.

"ಇದು ಯಾವ ಸೀಮೆ ನ್ಯಾಯ!" ಎಂದು ತೋಗಾಶಿ ಬಟ್ಟಲು ಕುಕ್ಕಿದ. "ನಿಮ್ಮನ್ನ ಉಳಿಸ್ಕೊಳ್ಳೋಕೆ ತಾನೇ ಕೈ ಎತ್ತಿದ್ದು! ಎತ್ತದಿದ್ರೂ ಕಳಿಸ್ತಾರೆ, ಎತ್ತಿದ್ರೂ ಕಳಿಸ್ತಾರೆ ಅಂದ್ರೆ ಮನುಷ್ಯ ಏನು ಕಾಲು ಎತ್ಬೇಕಾ?"

"ಬೇಡ ಅಂತ ನಾನು ಬಾಯಿ ಬಡ್ಕೊಂಡಿಲ್ವೇನ್ರೀ!" ಎಂದು ಕುಸಾಕಾರಿಯವರು ಕೂಗಿದರು.

"ಬಡ್ಕೊಂಡ್ರಿ. ಅದಕ್ಕೇ ತಾನೇ ಎತ್ತಿದ್ದು!"

ಇನ್ನು ಮಾತಾಡಿ ಫಲವಿರಲಿಲ್ಲ. ಪಾದ್ರಿಗಳು ಒಳಗೆ ಬಂದು ಕಮಲದ ದಿಂಬಿನ ಮೇಲೆ ಕುಸಿದು ಕೂತರು. ಖಾಲಿ ಕೋಣೆಯಲ್ಲಿ ಕಂಬದ ಬಳಿ ಒಂದು ಆಕೃತಿ ಇನ್ನೂ ಹಾಗೇ ಕೂತಿತ್ತು.

"ಅಜ್ಜಿ, ಇನ್ನೂ ಹೋಗಿಲ್ವಾ? ನೀವೊಬ್ಬರಾದ್ರೂ ಕೈ ಎತ್ತಲಿಲ್ಲವಲ್ಲ, ಸಂತೋಷ. ಹೋಗಿ ಸಾರು ಕುಡೀರಿ."

ಶಿಗೆ ಅಜ್ಜಿ ಮಂಡಿಯೂರಿಕೊಂಡು ಸರಿದು ಹತ್ತಿರ ಬಂದಳು. "ಪಾದ್ರಪ್ಪ, ಒಂದು ವಿಷಯ ಕೇಳ್ಬೇಕು. ಎಲ್ರ ಮುಂದೆ ಕೇಳೋಕೆ ನಾಚಿಕೆ. ನಿಮ್ಮ ದೇವರು ದಾರೀಲಿ ಹೋಗ್ತಾ ಹಸಿವಾಗಿ ಒಂದು ಅಂಜೂರದ ಮರದ ಹತ್ರ ಹೋಗ್ತಾನಲ್ಲ. ಹಣ್ಣಿಲ್ಲ. ಅದು ಹಣ್ಣಿನ ಕಾಲವೇ ಅಲ್ಲ ಅಂತ ನಿಮ್ಮ ಧರ್ಮಗ್ರಂಥದಲ್ಲೇ ಬರ್ದೂ ಇದೆ. ಆದ್ರೂ ಶಾಪ ಕೊಟ್ಟು ಮರ ಒಣಗಿಸಿಬಿಡ್ತಾನೆ. ಯಾಕೆ?"

ಕುಸಾಕಾರಿಯವರು ತಲೆ ಎತ್ತಿದರು. "ನೀವು... ಅದನ್ನೆಲ್ಲ ಓದಿದೀರಾ?"

"ಮತ್ತೇನು ಓದದೇ ಜಗಳ ಆಡ್ತೀನಾ? ನನ್ನ ಯಜಮಾನ್ರು ತೀರ್ಕೊಂಡಾಗಿನಿಂದ ರಾತ್ರಿಯೆಲ್ಲ ಅದೇ ಓದೋದು. ಬೇಕಾದಷ್ಟು ಮಾತು ಎದೆಗೆ ನಾಟ್ತವೆ. ಅಳುವೂ ಬಂದಿದೆ. ಆದ್ರೆ ಈ ಮರದ ವಿಷಯ ಬಂದಾಗ ಹೊಟ್ಟೆ ಉರಿಯುತ್ತೆ. ಹುಟ್ಟಿದಾಗಿನಿಂದ ಹಣ್ಣು ಮಾರ್ಕೊಂಡು ಬಂದೋಳು ನಾನು. ಕಾಲ ಅಲ್ಲದ ಕಾಲದಲ್ಲಿ ಮರ ಎಲ್ಲಿಂದ ತರುತ್ತೆ? ಇದೊಂದು ಬಗೆಹರಿದ್ರೆ ನಾನು ನಿಜವಾಗ್ಲೂ ಕೈ ಎತ್ತೋಳೇ. ಬಗೆಹರೀದೆ ಎತ್ತಿದ್ರೆ ಸುಳ್ಳಾಗಲ್ವಾ?"

ಕುಸಾಕಾರಿಯವರು ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ. "ಅಜ್ಜೀ!" ಎಂದು ಆಕೆಯ ಒಣ ಕೈ ಹಿಡಿದುಕೊಂಡರು. "ಭಾನುವಾರ ಬನ್ನಿ, ಇಡೀ ದಿನ ಕೂತು..." ಎಂದವರು ಅಲ್ಲಿಗೇ ನಿಂತರು. ಭಾನುವಾರ ಅವರು ಉತ್ತರದ ಹಡಗಿನಲ್ಲಿರುತ್ತಾರೆ.

ವಿಷಯ ತಿಳಿದು ಅಜ್ಜಿ ಬೆಂಕಿಯಾದಳು. "ಹೋಗ್ತೀಯಾ? ಹಾಗಾದ್ರೆ ನನಗೆ ಉತ್ತರ ಹೇಳೋರು ಯಾರು?"

"ಹಿರಿಯರೊಬ್ಬರು ಬರ್ತಾರೆ. ಬಹಳ ಶಾಂತ ಸ್ವಭಾವ ಅಂತೆ."

"ಶಾಂತ ಸ್ವಭಾವದವರನ್ನ ಕಟ್ಕೊಂಡು ಏನ್ಮಾಡ್ಲಿ? ಈ ಬೀದೀಲಿ ನನ್ನ ಜೊತೆ ಸರಿಸಮ ಜಗಳ ಆಡೋನು ನೀನೊಬ್ಬನೇ ಇದ್ದೆ! ಇದೆಲ್ಲ ಆ ತೋಗಾಶಿ ಕಿತಾಪತಿ. ಇರು, ಬಂದೆ!"

ಎಂಬತ್ತರ ಅಜ್ಜಿ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ನುಗ್ಗಿದಳು. "ಏ ತೋಗಾಶಿ! ಎತ್ತಿದ ಕೈ ಇಳಿಸ್ರೋ ಎಲ್ರೂ! ಟೋಕಿಯೋಗೆ ಫೋನು ಮಾಡಿ ಹೇಳು, ನಾವ್ಯಾರೂ ನಂಬಲ್ಲ ಅಂತ! ನಾನೊಬ್ಬಳು ನಂಬಬೇಕು ಅಂತಿದೀನಿ ಕಣ್ರೋ!" ಎಂಬ ಕೂಗು ಬೀದಿಯ ತುದಿಯವರೆಗೂ ಕೇಳಿಸಿತು. ಅಷ್ಟು ಹೊತ್ತಿಗೆ ರೈಲು ಹೊರಟ ಸದ್ದೂ ಕೇಳಿಸಿತು.

ಬಟ್ಟಲುಗಳನ್ನು ಎತ್ತಿಡಲು ಒಳಗೆ ಬಂದ ಕಿನುಕೊ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ಗಂಡನ ಪಕ್ಕ ಕೂತಳು.

"ಅಲ್ಲಾ ರೀ," ಎಂದಳು ಮೆಲ್ಲಗೆ, "ಆ ಮರಕ್ಕೆ ಯಾಕೆ ಶಾಪ ಕೊಟ್ಟಿದ್ದು?"

ಕುಸಾಕಾರಿಯವರು ಕನ್ನಡಿಯಲ್ಲಿ ಅವಳ ಮುಖ ನೋಡಿದರು.

"ಅದು ನನಗೂ ಗೊತ್ತಿಲ್ಲ ಕಣೇ."

ಕಿನುಕೊ ಎದ್ದು ಹೋಗಿ ಅಟ್ಟದಿಂದ ಉಣ್ಣೆಯ ಬಟ್ಟೆಗಳ ಪೆಟ್ಟಿಗೆಯನ್ನು ಇಳಿಸತೊಡಗಿದಳು.